ಸೇವೆ ನಮಗೆ, ಗುರುತನ ಅವರಿಗೆ?

ಹೋದ ವರ್ಷ ಒಂದು ಸಭೆಯ ವಾರ್ಷಿಕೋತ್ಸವದಲ್ಲಿ ನನಗೊಂದು ಶಾಲು ಹೊದಿಸಿದರು. ದೇವಾಲಯಕ್ಕೆ ಸೇರಿದ ಜನಸಮುದಾಯವನ್ನು ಕ್ರೈಸ್ತರಾದ ನಾವು ಸಭೆ ಎನ್ನುತ್ತೇವೆ. ಯಾವ ಊರಿನ ಸಭೆ ಎಂದು ಹೇಳುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆ ನಾನು ಶಿಕ್ಷಕಿಯಾಗಿ ದುಡಿದವಳು, ನಾಲ್ಕೂ ಕಡೆ ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋದವಳು. ನಾಲ್ಕರಲ್ಲಿ ಯಾವುದೋ ಒಂದು ಎಂದುಕೊಳ್ಳಿ. ಯಾವುದಾದರೂ ಕಥೆಯಲ್ಲಿ ವ್ಯತ್ಯಾಸವಾಗುವುದಿಲ್ಲ.

ಶಾಲು ಹೊದಿಸಿದವರು ನನ್ನ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದರು. ‘ಪೂರ್ಣ ಮನಸ್ಸಿನಿಂದ ಸೇವೆ ಮಾಡಿದ ಸಹೋದರಿ’ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ? ಆಮೇಲೆ ಕಾರ್ಯದರ್ಶಿಗಳು ಒಂದು ಚೀಟಿ ಓದಿದರು. ಆ ವರ್ಷದಿಂದ ಯುವಕ ಯುವತಿಯರಿಗೆ ‘ಆತ್ಮಿಕ ಮಾರ್ಗದರ್ಶನ’ ಎಂಬ ಹೊಸ ಕಾರ್ಯಕ್ರಮ. ಒಬ್ಬೊಬ್ಬ ಹಿರಿಯರ ಕೈಗೆ ನಾಲ್ಕೈದು ಮಂದಿ ಕಿರಿಯರನ್ನು ಒಪ್ಪಿಸುವುದು; ಅವರ ಪ್ರಾರ್ಥನೆ, ವಿದ್ಯೆ, ಮದುವೆ ಎಲ್ಲದಕ್ಕೂ ಆ ಹಿರಿಯರೇ ದಾರಿ ತೋರಿಸುವುದು. ಮಾರ್ಗದರ್ಶಕರ ಹೆಸರು ಒಂಬತ್ತು. ಒಂಬತ್ತೂ ಗಂಡಸರದು. ಚೀಟಿಯ ಕೊನೆಗೆ ಇನ್ನೊಂದು ಸಾಲಿತ್ತು: ಚಹಾ ಮತ್ತು ಉಪಾಹಾರದ ವ್ಯವಸ್ಥೆ, ಸ್ತ್ರೀಯರ ಕೂಟ.

ಶಿಕ್ಷಕಿಗೆ ಲೆಕ್ಕ ಮಾಡುವ ಚಟ. ಆ ಒಂಬತ್ತರಲ್ಲಿ ಮೂವರು ನನ್ನ ಭಾನುವಾರದ ಶಾಲೆಯಲ್ಲಿ ಕೂತು ಕಲಿತವರು. ಒಬ್ಬನಿಗಂತೂ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಲು ಎರಡು ಬೇಸಿಗೆ ಹಿಡಿದಿತ್ತು. ಈಗ ಅವನು ಮಾರ್ಗದರ್ಶಕ, ನಾನು ಚಹಾದ ವ್ಯವಸ್ಥೆ.

‘ಇಷ್ಟಕ್ಕೇ ಬೇಜಾರೇ ಅಕ್ಕೋರೆ?’ ಎಂದು ನೀವು ಕೇಳಬಹುದು. ಇಷ್ಟಕ್ಕೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಚಹಾ ಕಾಸುವುದು ನನಗೆ ಕೀಳು ಕೆಲಸವಲ್ಲ. ಜನವರಿಯಲ್ಲಿ ನಮ್ಮ ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಗಳು ಲಕ್ಷಗಟ್ಟಲೆ ಬರುತ್ತವೆ. ಆ ರೊಟ್ಟಿ ತಟ್ಟಿದ ಕೈಗಳು ಯಾರವು ಎಂದು ಯಾರೂ ಹೆಸರು ಕೇಳುವುದಿಲ್ಲ, ಆ ಹೆಣ್ಣುಮಕ್ಕಳೂ ಹೇಳುವುದಿಲ್ಲ. ಹೆಸರಿಲ್ಲದ ಸೇವೆಯ ಬೆಲೆ ಈ ಸೀಮೆಯವಳಾದ ನನಗೆ ಗೊತ್ತು. ನನ್ನ ತಕರಾರು ಬೇರೆಯದು. ಅದನ್ನು ನನ್ನ ತಲೆಗೆ ತುಂಬಿದವಳು ಒಬ್ಬ ಹುಡುಗಿ.

ಆ ವಾರ್ಷಿಕೋತ್ಸವವಾಗಿ ಒಂದು ತಿಂಗಳಿಗೆ ಅವಳು ನಮ್ಮ ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ನರ್ಸಿಂಗ್ ಓದಿ ಒಂದು ದವಾಖಾನೆಯಲ್ಲಿ ಕೆಲಸಕ್ಕಿದ್ದಳು. ನಮ್ಮ ಸಭೆಯವಳಲ್ಲ, ಬೇರೊಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದಳು. ಅಲ್ಲಿಯೂ ಒಬ್ಬ ಮಾರ್ಗದರ್ಶಕರು. ದಿನಾ ರಾತ್ರಿ ಮಲಗುವ ಮುಂಚೆ ಆ ದಿನ ಎಲ್ಲಿಗೆ ಹೋದೆ, ಯಾರ ಜೊತೆ ಮಾತಾಡಿದೆ ಎಂದು ಅವರ ಮೊಬೈಲಿಗೆ ಬರೆದು ಕಳಿಸಬೇಕು. ಪಗಾರದಲ್ಲಿ ಎಷ್ಟು ಭಾಗ ಕೊಡಬೇಕೆಂದು ಹೇಳುವವರು ಅವರೇ. ಹುಡುಗಿಗೆ ಮುಂದೆ ಓದುವ ಆಸೆ. ಅವರು, ‘ಓದು ಲೋಕದ ಆಸೆ, ನೌಕರಿ ಬಿಟ್ಟು ಪೂರ್ಣ ಮನಸ್ಸಿನಿಂದ ಸೇವೆಗೆ ಬಾ’ ಎಂದಿದ್ದರಂತೆ. ವರನನ್ನೂ ತಾವೇ ನೋಡಿದ್ದರಂತೆ.

ಇದನ್ನೆಲ್ಲ ಹೇಳಿ ಅವಳು ತಲೆ ತಗ್ಗಿಸಿ ಕೇಳಿದಳು: ‘ಅಕ್ಕೋರೆ, ಅವರಿಗೆ ಒಲ್ಲೆ ಅಂದ್ರ ದೇವರಿಗೆ ಒಲ್ಲೆ ಅಂದಂಗ ಆಗ್ತದೇನ್ರಿ?’

ಅಕ್ಕ-ತಂಗಿಯರೇ, ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಒಲ್ಲೆ ಎನ್ನಲು ಬಾರದವಳ ಹೌದಿಗೆ ಏನು ಬೆಲೆ? ಪೂರ್ಣ ಮನಸ್ಸು ಎಂದರೆ ಮೊದಲು ಅದು ಅವಳ ಮನಸ್ಸಾಗಿರಬೇಕು. ಇನ್ನೊಬ್ಬರ ಮುಷ್ಟಿಯಲ್ಲಿರುವ ಮನಸ್ಸನ್ನು ದೇವರಿಗೆ ಕೊಡುವುದೆಂದರೆ ನೆರೆಮನೆಯವರ ಕೋಳಿಯನ್ನು ಹರಕೆ ಕೊಟ್ಟ ಹಾಗೆ. ಶಿಷ್ಯೆಯ ಬಾಯಿಂದ ಈ ‘ಒಲ್ಲೆ’ಯನ್ನು ಕಿತ್ತುಕೊಳ್ಳುವವನು ಗುರುವಲ್ಲ. ಅವನು ಬೇಲಿಯೇ ಎದ್ದು ಹೊಲ ಮೇಯುವ ಜಾತಿಯವನು.

ಆ ದಿನ ಹುಡುಗಿಗೆ ನಾನು ಉಪದೇಶ ಮಾಡಲಿಲ್ಲ. ಪಂಡಿತಾ ರಮಾಬಾಯಿಯ ಕಥೆ ಹೇಳಿದೆ.

ರಮಾಬಾಯಿ ಎಂದರೆ ಮಹಾರಾಷ್ಟ್ರದವಳು ಎಂದು ನಮ್ಮ ಪಠ್ಯಪುಸ್ತಕಗಳಿಂದ ತಿಳಿದುಕೊಂಡಿದ್ದೇವೆ. ಆಕೆ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ, ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ಹೆಂಗಸಿಗೆ ಸಂಸ್ಕೃತ ಕಲಿಸಬಾರದೆಂಬ ಕಾಲದಲ್ಲಿ ಆತ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ. ಅದಕ್ಕಾಗಿ ಉಡುಪಿಯಲ್ಲಿ ಪಂಡಿತರ ಮುಂದೆ ತನ್ನನ್ನು ಸಮರ್ಥಿಸಿಕೊಳ್ಳಬೇಕಾಯಿತು. ಆ ತಾಯಿ ಮಗಳಿಗೆ ಕಲಿಸಿದಳು. ತೀರ್ಥಯಾತ್ರೆಯ ದಾರಿಯಲ್ಲಿ, ನಸುಕಿನಲ್ಲಿ ಮಗುವನ್ನು ಎಬ್ಬಿಸಿ, ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ. ಭಾಗವತದ ಸಾವಿರಾರು ಶ್ಲೋಕ ಹೀಗೆ ಕಲಿತ ಹುಡುಗಿಗೆ ಮುಂದೆ ಕಲಕತ್ತೆಯ ಪಂಡಿತರು ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಅವಳ ಮೊದಲ ಗುರುಪೀಠ ತಾಯಿಯ ಮಡಿಲು.

1874ರ ಕ್ಷಾಮದ ದಿನಗಳಲ್ಲಿ ತಂದೆ ತಾಯಿ ತೀರಿಕೊಂಡರು. 1880ರಲ್ಲಿ ಮದುವೆ, 1882ರಲ್ಲಿ ವೈಧವ್ಯ. ತೋಳಲ್ಲಿ ಮನೋರಮಾ ಎಂಬ ಹೆಣ್ಣುಕೂಸು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದು ಅದೇ ವರ್ಷ ದೀಕ್ಷಾಸ್ನಾನ ಹೊಂದಿದಳು. ಅಲ್ಲಿ ಅವಳಿಗೆ ಆತ್ಮಿಕ ತಾಯಿಯಾಗಿ ನಿಂತವರು ಸಿಸ್ಟರ್ ಜೆರಾಲ್ಡಿನ್. ಪುಟ್ಟ ಮನೋರಮಾ ಆಕೆಯನ್ನು ಮರಾಠಿಯಲ್ಲಿ ಆಜೀಬಾಯಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದಳು.

ಈಗ ಆ ಗುರು ಶಿಷ್ಯೆಯರ ಜಗಳ ನೋಡಿ. ಜೆರಾಲ್ಡಿನ್ ಅವರಿಗೆ ವಿಧೇಯತೆ ಬೇಕಿತ್ತು. ಸಭೆ ಹೇಳಿದ್ದನ್ನು ಪ್ರಶ್ನಿಸದೆ ನಂಬು ಎಂದರು, ನಿನಗೆ ಅಹಂಕಾರ ಎಂದರು. ರಮಾಬಾಯಿ ಬಗ್ಗಲಿಲ್ಲ. ಪುರೋಹಿತರ ನೊಗವನ್ನು ಕಷ್ಟಪಟ್ಟು ಕೊರಳಿಂದ ಇಳಿಸಿ ಬಂದಿದ್ದೇನೆ, ಅಂಥದೇ ಇನ್ನೊಂದು ನೊಗಕ್ಕೆ ಕೊರಳೊಡ್ಡುವುದಿಲ್ಲ, ದೇವರು ನನಗೂ ಒಂದು ಅಂತಃಸಾಕ್ಷಿ ಕೊಟ್ಟಿದ್ದಾನೆ ಎಂಬ ಅರ್ಥದ ಪತ್ರಗಳನ್ನು ಬರೆದಳು. ಮುಂದೆ ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಅವಳು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮಾತು ಬಂತು. ಅದು ಸಲ್ಲದೆಂದು ಹಿಂದೂಸ್ತಾನದಲ್ಲಿದ್ದ ಬಿಷಪ್ಪರು ಅಡ್ಡ ಬಂದರು. ಆಗಲೂ ಅವಳು ಖಾರವಾಗಿಯೇ ಉತ್ತರಿಸಿದಳು. ಪಂಡಿತರ ಸಭೆಯಲ್ಲಿ ವಾದ ಮಾಡಿ ಗೆದ್ದವಳಿಗೆ ಗಂಡು ಹುಡುಗರ ಮುಂದೆ ನಿಂತರೆ ಏನಾಗಿಬಿಡುತ್ತಿತ್ತು?

ಹಾಗೆಂದು ಅವಳು ಕ್ರಿಸ್ತನನ್ನು ಬಿಟ್ಟಳೇ? ಇಲ್ಲ. ಸೇವೆ ಬಿಟ್ಟಳೇ? ಕೇಳಿ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. 1896ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯಕ್ಕೆ ತಾನೇ ಹೋಗಿ ಹಸಿದ ಹೆಣ್ಣುಮಕ್ಕಳನ್ನು ನೂರುಗಟ್ಟಲೆ ಕರೆತಂದಳು. ಪುಣೆಯ ಹತ್ತಿರದ ಕೇಡಗಾಂವದ ಮುಕ್ತಿ ಸದನದಲ್ಲಿ ಅವರು ನೇಯ್ದರು, ಹೊಲ ಮಾಡಿದರು, ಹೈನ ಕಟ್ಟಿದರು, ಮುದ್ರಣಾಲಯ ನಡೆಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಮರಾಠಿಗೆ ಅನುವಾದಿಸಿದಾಗ ಅದರ ಅಚ್ಚುಮೊಳೆ ಜೋಡಿಸಿದವರು ಅದೇ ಹೆಂಗಸರು. 1922ರಲ್ಲಿ ಕಣ್ಣು ಮುಚ್ಚುವವರೆಗೂ ಅವಳು ಅದೇ ಕೆಲಸದಲ್ಲಿದ್ದಳು. ಪೂರ್ಣ ಮನಸ್ಸಿನ ಸೇವೆ ಎಂದರೆ ಇದಕ್ಕಿಂತ ಹೆಚ್ಚಿನದು ಏನಿದೆ? ಹೀಗೆ ಸೇವೆ ಮಾಡಿದವಳು ಒಲ್ಲೆ ಎನ್ನಲು ಬಲ್ಲವಳಾಗಿದ್ದಳು.

ನಮ್ಮ ಸೀಮೆಗೂ ಆಕೆಯ ಋಣವಿದೆ. 1912-13ರ ಸುಮಾರಿಗೆ ಗುಲ್ಬರ್ಗಾದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಆಕೆಯ ಸಂಸ್ಥೆ ಹೆಣ್ಣುಮಕ್ಕಳಿಗಾಗಿ ಶಾಂತಿ ಸದನ ಎಂಬ ಶಾಲೆ ತೆರೆಯಿತು. ಮನೋರಮಾ ಅದರ ಹೊಣೆ ಹೊತ್ತಳು. ಆಗ ಗುಲ್ಬರ್ಗಾವೂ ಕೊಪ್ಪಳವೂ ನಿಜಾಮರ ರಾಜ್ಯದಲ್ಲಿದ್ದವು. ಹೆಣ್ಣುಮಕ್ಕಳ ಶಾಲೆಯನ್ನು ದೀಪ ಹಿಡಿದು ಹುಡುಕಬೇಕಾದ ಕಾಲ. ಅಜ್ಜಿ ತಾಯಿಗೆ, ತಾಯಿ ಮಗಳಿಗೆ, ಮಗಳು ನಮ್ಮ ಸೀಮೆಯ ಕೂಸುಗಳಿಗೆ. ಗುರುಪರಂಪರೆ ಎಂದರೆ ಇದೂ ಅಲ್ಲವೇ?

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಮಾತು ಇನ್ನೊಂದಿದೆ. ರಮಾಬಾಯಿಯ ಆ ಜಗಳದ ಪತ್ರಗಳು ನಮಗೆ ಹೇಗೆ ಸಿಕ್ಕವು ಗೊತ್ತೇ? ಅವನ್ನು ಜೋಪಾನವಾಗಿ ಕೂಡಿಟ್ಟವರು ಸಿಸ್ಟರ್ ಜೆರಾಲ್ಡಿನ್ ಅವರೇ. 1977ರಲ್ಲಿ ಅವು ಪುಸ್ತಕವಾಗಿ ಬಂದವು. ತನಗೆ ಒಲ್ಲೆ ಎಂದ ಶಿಷ್ಯೆಯ ಮಾತನ್ನು ಆಕೆ ಹರಿದು ಒಲೆಗೆ ಹಾಕಲಿಲ್ಲ. ಆಕೆಯಲ್ಲಿ ಹಟವಿತ್ತು, ಗುರುವಿನ ಗುಣವೂ ಇತ್ತು. ನಮ್ಮ ಒಂಬತ್ತು ಮಂದಿ ಮಾರ್ಗದರ್ಶಕರಲ್ಲಿ ತಮ್ಮನ್ನು ಪ್ರಶ್ನಿಸಿದ ಹುಡುಗಿಯ ಪತ್ರವನ್ನು ಹೀಗೆ ಕಾಪಾಡುವವರು ಎಷ್ಟು ಜನ?

ಇನ್ನು ಸಭೆಯ ಹಿರಿಯರು ಹೇಳುವ ಮಾತಿಗೆ ಬರೋಣ. ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆಂದು ಪೌಲನು ಬರೆದಿದ್ದಾನಲ್ಲ ಎನ್ನುತ್ತಾರೆ. ಬರೆದಿದ್ದಾನೆ. ಆದರೆ ಅದೇ ಪೌಲ ತನ್ನ ಪ್ರೀತಿಯ ಶಿಷ್ಯ ತಿಮೊಥೆಯನಿಗೆ ಬರೆಯುವಾಗ, ನಿನ್ನ ನಂಬಿಕೆ ಮೊದಲು ನಿನ್ನ ಅಜ್ಜಿಯಲ್ಲಿ, ಆಮೇಲೆ ನಿನ್ನ ತಾಯಿಯಲ್ಲಿ ಇದ್ದದ್ದು ಎಂದು ನೆನಪಿಸುತ್ತಾನೆ. ಗುರು ಶಿಷ್ಯರ ಮಾದರಿ ಎಂದು ನಮ್ಮವರು ಸದಾ ಹೇಳುವುದು ಪೌಲ ತಿಮೊಥೆಯರನ್ನೇ. ಅಜ್ಜಿ ಲೋವಿಯ ಹೆಸರು ಯಾವ ಪ್ರಸಂಗದಲ್ಲಿ ಕೇಳಿದ್ದೀರಿ? ಅಪೊಲ್ಲೋಸನೆಂಬ ದೊಡ್ಡ ವಾಗ್ಮಿಯನ್ನು ಮನೆಗೆ ಕರೆದು ಅವನ ತಿಳಿವನ್ನು ತಿದ್ದಿದವರು ಪ್ರಿಸ್ಕಿಲ್ಲ ಮತ್ತು ಅವಳ ಗಂಡ ಅಕ್ವಿಲ. ಗುಡಾರ ಹೊಲಿಯುವ ದುಡಿಮೆಗಾರರು. ಮಾರ್ಥಳ ಮನೆಯಲ್ಲಿ ಅಡಿಗೆಯ ಗಡಿಬಿಡಿ ನಡೆದಾಗ ಮರಿಯಳು ಯೇಸುವಿನ ಪಾದದ ಬಳಿ ಕೂತು ಕೇಳುತ್ತಿದ್ದಳು. ಎಬ್ಬಿಸಿ ಅಡಿಗೆಮನೆಗೆ ಕಳಿಸು ಎಂದು ಅಕ್ಕ ದೂರಿದರೂ ಯೇಸು ಕಳಿಸಲಿಲ್ಲ. ಎರಡು ಸಾವಿರ ವರ್ಷವಾದ ಮೇಲೆ ನಮ್ಮ ಕಮಿಟಿ ಅವಳನ್ನು ಎಬ್ಬಿಸಿ ಚಹಾಕ್ಕೆ ಕಳಿಸಿದೆ.

ಕ್ರೈಸ್ತರಲ್ಲದ ಓದುಗರಿಗೂ ಈ ಮಾತು ಹೊರಗಿನದಲ್ಲ. ನಮ್ಮ ಕುಷ್ಟಗಿಯ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ಆಸೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು ಅವಳು. ಮನೆಯ ಹೆಂಗಸು ಗಂಡನಿಗೆ ಗುರುವಾದಳು, ಕಲ್ಯಾಣದ ಶರಣರು ಅದನ್ನು ಮೆಚ್ಚಿದರು. ಹನ್ನೆರಡನೆಯ ಶತಮಾನದ ಶರಣರಿಗೆ ಕಷ್ಟವಾಗದ್ದು ನಮ್ಮ ಇಪ್ಪತ್ತೊಂದನೆಯ ಶತಮಾನದ ಕಮಿಟಿಗಳಿಗೆ ಯಾಕೆ ಕಷ್ಟವಾಗಬೇಕು?

ಕಾಲ ಬದಲಾಗುತ್ತಿದೆ, ತಾಳ್ಮೆಯಿರಲಿ ಎನ್ನುವವರಿದ್ದಾರೆ. ಬದಲಾಗಿದೆ, ಇಲ್ಲವೆನ್ನಲಾರೆ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ 2013ರಲ್ಲಿ ಮೊದಲ ಮಹಿಳಾ ಬಿಷಪ್ ಬಂದರು, ನಂದ್ಯಾಲಕ್ಕೆ, ಪುಷ್ಪಲಲಿತಾ ಅವರು. ಅರವತ್ತಾರು ವರ್ಷ ಹಿಡಿಯಿತು. ಆ ಸುದ್ದಿ ಓದಿ ನಾನು ಅತ್ತಿದ್ದೆ. ಆದರೆ ಬಿಷಪ್ಪರ ಕುರ್ಚಿ ನಂದ್ಯಾಲದಲ್ಲಿದೆ, ನನ್ನ ಹುಡುಗಿ ಇಲ್ಲಿದ್ದಾಳೆ. ಅವಳ ಪ್ರಶ್ನೆಗೆ ಇನ್ನೊಂದು ಅರವತ್ತಾರು ವರ್ಷ ಕಾಯುವ ವ್ಯವಧಾನವಿಲ್ಲ.

ಹೆಂಗಸರು ಮಾರ್ಗದರ್ಶಕರಾದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ನನ್ನ ಮುಖಕ್ಕೆ ನಾನೇ ಉಗಿದುಕೊಂಡಂತೆ. ಈಗ ಬರೆಯುವುದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ನೌಕರಿಯ ಮೊದಲ ವರ್ಷಗಳಲ್ಲಿ, ಆಗಿನ್ನೂ ನನಗೆ ಮೂವತ್ತು ತುಂಬಿರಲಿಲ್ಲ, ನಾನಿದ್ದ ಊರಿನ ಸ್ತ್ರೀಯರ ಕೂಟಕ್ಕೆ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಓದಿದವಳೆಂದು ನನ್ನ ಮೇಲೆ ಬಹಳ ಭರವಸೆ. ಒಂದು ಸಂಜೆ ಸೆರಗು ಸರಿಸಿ ಬೆನ್ನು ತೋರಿಸಿದಳು. ಗಂಡ ಹೊಡೆದ ಬಾಸುಂಡೆಗಳು. ‘ಏನ್ ಮಾಡ್ಲಿ ಅಕ್ಕೋರೆ?’ ಎಂದಳು. ನಾನು ಏನು ಹೇಳಿದೆ ಗೊತ್ತೇ? ‘ಸಹಿಸ್ಕೊಳ್ಳವ್ವ, ಪ್ರಾರ್ಥನಾ ಮಾಡು. ನಿನ್ನ ತಾಳ್ಮಿ ನೋಡಿ ಅವ ಬದಲಾಗ್ತಾನ’ ಎಂದೆ. ನನಗೆ ಹೇಳಿಕೊಟ್ಟಿದ್ದ ಪಾಠವನ್ನೇ ಒಪ್ಪಿಸಿದೆ. ಅವಳು ತಲೆಯಾಡಿಸಿ ಹೋದಳು. ಅವಳಿಗೂ ನನಗೆ ಒಲ್ಲೆ ಎನ್ನಲು ಬರುತ್ತಿರಲಿಲ್ಲ. ಅದಾಗಿ ಆರು ತಿಂಗಳಿಗೆ ಅವನ ಏಟಿಗೆ ಅವಳ ಎಡಗಿವಿ ಹೋಯಿತು. ಈಗಲೂ ಎಲ್ಲಾದರೂ ಸಿಕ್ಕರೆ ನನ್ನ ಮಾತು ಕೇಳಲು ಬಲಗಿವಿ ಮುಂದೆ ಮಾಡುತ್ತಾಳೆ. ನನ್ನನ್ನು ಒಂದು ದಿನವೂ ದೂರಲಿಲ್ಲ. ಅದೇ ನನಗೆ ಶಿಕ್ಷೆ.

ಹಾಗಾಗಿ ಗಂಡಸರ ಪೀಠವನ್ನು ಕಸಿದು ಅದೇ ಪೀಠದ ಮೇಲೆ ನಾವು ಕೂರೋಣ ಎಂಬುದು ನನ್ನ ವಾದವಲ್ಲ. ಪೀಠವೇ ಬೇಡ ಎಂಬುದು ನನ್ನ ವಾದ. ಮಾರ್ಗದರ್ಶಕರೆಂದರೆ ಪಕ್ಕದಲ್ಲಿ ನಡೆಯುವವರು. ‘ನನ್ನ ಮಾತು ತಪ್ಪಿರಬಹುದು, ನೀನೂ ನೋಡು’ ಎನ್ನುವವರು. ಹೊಡೆತ ತಿಂದವಳಿಗೆ ಪ್ರಾರ್ಥನೆಯ ಜೊತೆಗೆ ಪೊಲೀಸ್ ಠಾಣೆಯ ದಾರಿಯನ್ನೂ ತೋರಿಸುವವರು. 2005ರಲ್ಲಿ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಹೆಸರನ್ನಾದರೂ ತಿಳಿದವರು. ಕೇಳಿದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರು, ಶಿಷ್ಯೆಯ ಪಗಾರಕ್ಕೆ ಕೈ ಹಾಕದವರು. ಇಷ್ಟು ಗುಣವಿದ್ದರೆ ಗಂಡಸರಾಗಲಿ, ಹೆಂಗಸರಾಗಲಿ, ಬರಲಿ. ಆದರೆ ಒಂಬತ್ತರಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲದ ಪಟ್ಟಿ ಮಾಡುವವರು ಗುಣ ನೋಡಿ ಮಾಡಿದ್ದೇವೆಂದು ಹೇಳಬಾರದು. ಬೆನ್ನಿನ ಬಾಸುಂಡೆಯನ್ನು ಯಾವ ಹೆಣ್ಣುಮಗಳು ಆ ಒಂಬತ್ತು ಮಂದಿಯ ಮುಂದೆ ತೋರಿಸಿಯಾಳು?

ಸೇವೆಯ ಬಗ್ಗೆಯೂ ಒಂದು ಮಾತು. ‘ಸೇವೆಯಲ್ಲಿ ಲೆಕ್ಕ ಇಡಬಾರದು ಸಹೋದರಿ’ ಎನ್ನುತ್ತಾರೆ. ಸರಿ, ದೇವರ ಮುಂದೆ ಲೆಕ್ಕ ಇಡುವುದಿಲ್ಲ. ಮನುಷ್ಯರ ಮುಂದೆ ಯಾಕೆ ಇಡಬಾರದು? ನಮ್ಮ ನೆರೆಯ ಬೆಟಗೇರಿಗೆ ಬಾಸೆಲ್ ಮಿಷನ್ನಿನವರು ಬಂದದ್ದು 1841ರಲ್ಲಿ. ಆ ಪಾದ್ರಿಗಳ ಹೆಸರು ಪುಸ್ತಕಗಳಲ್ಲಿವೆ. ಮಿಷನ್ನುಗಳ ಕಾಲದಲ್ಲಿ ‘ಬೈಬಲ್ ಸ್ತ್ರೀಯರು’ ಎಂದು ಕರೆಸಿಕೊಂಡ ನಮ್ಮ ದೇಶದ ಹೆಂಗಸರು ಬಿಸಿಲಲ್ಲಿ ಮನೆಯಿಂದ ಮನೆಗೆ ನಡೆದು, ಹೊಸ್ತಿಲು ದಾಟದ ಹೆಣ್ಣುಮಕ್ಕಳ ಬಳಿ ಕೂತು ಓದಿ ಹೇಳಿದರು, ಅಕ್ಷರ ಕಲಿಸಿದರು. ಅಂಥ ಒಬ್ಬಳ ಹೆಸರನ್ನು ನಿಮ್ಮ ಸಭೆಯ ಗೋಡೆಗಲ್ಲಿನ ಮೇಲೆ ಎಷ್ಟು ಜನ ಕಂಡಿದ್ದೀರಿ? ಕೆಲಸಕ್ಕೆ ಅವರು, ಕಲ್ಲಿನ ಮೇಲೆ ಇವರು. ಹೆಸರು ಬೇಡವೆನ್ನುವುದು ಸೇವೆ ಮಾಡಿದವಳಿಗೆ ಸೊಗಸು. ಹೆಸರು ಅಳಿಸುವುದು ಸೇವೆ ಪಡೆದವರಿಗೆ ಸೊಗಸಲ್ಲ.

ಈಗ ಶನಿವಾರ ಸಂಜೆ ನಮ್ಮ ಹಿತ್ತಲಲ್ಲಿ ನಾಲ್ಕೈದು ಹೆಣ್ಣುಮಕ್ಕಳು ಸೇರುತ್ತೇವೆ. ಕಾರ್ಯಕ್ರಮಕ್ಕೆ ಹೆಸರಿಲ್ಲ, ಕಾರ್ಯದರ್ಶಿಯಿಲ್ಲ. ಒಂದು ಅಧ್ಯಾಯ ಓದುತ್ತೇವೆ, ತಿಳಿಯದ್ದನ್ನು ತಿಳಿಯದು ಎನ್ನುತ್ತೇವೆ. ಚಹಾ ಸರದಿಯ ಮೇಲೆ ಕಾಸುತ್ತೇವೆ.

ಆ ಹುಡುಗಿಯೂ ಬರುತ್ತಾಳೆ. ರಾತ್ರಿಯ ವರದಿ ಕಳಿಸುವುದನ್ನು ನಿಲ್ಲಿಸಿದಳು. ತೋರಿಸಿದ ವರನಿಗೆ ಒಲ್ಲೆ ಎಂದಳು. ಅರ್ಜಿ ಹಾಕಿದ್ದಾಳೆ, ಸೀಟು ಇನ್ನೂ ಸಿಕ್ಕಿಲ್ಲ. ಆದರೆ ಆ ಗುಂಪನ್ನು ಮಾತ್ರ ಬಿಟ್ಟಿಲ್ಲ. ಬಿಡು ಎಂದು ಎರಡು ಸಲ ಹೇಳಿದೆ. ‘ಅಲ್ಲಿ ನಮ್ಮ ಗೆಳತ್ಯಾರು ಅದಾರ್ರೀ, ನಾ ಬಿಟ್ರ ಅವರಿಗೆ ಹೇಳೋರು ಯಾರು? ಅದಕ್ಕ ನಾ ಒಲ್ಲೆ ಅಕ್ಕೋರೆ’ ಎಂದಳು. ನನಗೆ ಸಿಟ್ಟು ಬಂತು, ನಿಜ. ಎದ್ದು ಹೋಗಿ ಒಲೆಯ ಮುಂದೆ ನಿಂತೆ. ಚಹಾ ಕುದಿಯುವ ಹೊತ್ತಿಗೆ ಸಿಟ್ಟು ಇಳಿಯಿತು.

ಈ ವರ್ಷದ ಪಟ್ಟಿ ಇನ್ನೂ ಓದಿಲ್ಲ. ಹೆಂಗಸರ ಹೆಸರು ಸೇರಿಸಬೇಕೆಂದು ಹದಿನಾಲ್ಕು ಮಂದಿ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ. ಅದರಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಆ ಎಡಗಿವಿ ಕೇಳದ ಹೆಣ್ಣುಮಗಳದು. ಅವಳಿರುವ ಊರಿಗೆ ಬಸ್ಸು ಹತ್ತಿ ಹೋಗಿ, ಅವಳ ಬಲಗಿವಿಯ ಬಳಿ ಕೂತು ಇಡೀ ಅರ್ಜಿಯನ್ನು ಓದಿ ಹೇಳಿದ್ದೆ. ಹೆಬ್ಬೆಟ್ಟು ಒತ್ತುವ ಮುಂಚೆ, ‘ಒಲ್ಲೆ ಅನ್ನಂಗಿದ್ರ ಅನ್ನವ್ವ’ ಎಂದೂ ಹೇಳಿದ್ದೆ. ನಿಮ್ಮ ಊರಿನ ಸಭೆಯಲ್ಲಿ, ನಿಮ್ಮ ಮಠದಲ್ಲಿ, ನಿಮ್ಮ ಮಹಿಳಾ ಮಂಡಳದಲ್ಲಿ ಇಂಥ ಒಂದು ಅರ್ಜಿ ಬರೆಯಲು ಒಂದು ಹಾಳೆ ಸಾಕು. ಉತ್ತರ ಬರುವವರೆಗೆ ಕಾಯಬೇಡಿ. ಹಿತ್ತಲಲ್ಲಿ ಒಂದು ಚಾಪೆ ಹಾಸಿ.